ಉರಿಯದ ಮೆಣಸಿನಕಾಯಿ

ಬ್ಯಾಡಗಿ,
ರವಿವಾರ, ೨೭ ಏಪ್ರಿಲ್ ೨೦೨೫

ಚಿರಂಜೀವಿ ಸೌಭಾಗ್ಯವತಿ ಪುಷ್ಪಲತಾಳಿಗೆ ನಿನ್ನ ಮಾವ ಕೊಟ್ರಪ್ಪನ ಆಶೀರ್ವಾದಗಳು.

ಮನೆಯಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ನನ್ನೊಬ್ಬನನ್ನು ಬಿಟ್ಟು ಎಂದು ಸೇರಿಸಿಕೊಂಡು ಓದು. ರಾಣೆಬೆನ್ನೂರಿನಲ್ಲಿ ನೀನು, ನಿಮ್ಮ ತಂದೆ ಚಂದ್ರಪ್ಪನವರು, ತಾಯಿಯವರು ಆರಾಮ ಇದ್ದೀರಿ ಎಂದು ಸಿದ್ದಲಿಂಗೇಶ ಹೇಳುತ್ತಿರುತ್ತಾನೆ. ಹೇಳುವುದೆಂದರೆ ನನಗಲ್ಲ, ತನ್ನ ಅವ್ವನಿಗೆ, ನನಗೂ ಕೇಳಿಸುವಷ್ಟು ಗಟ್ಟಿಯಾಗಿ. ನಿನ್ನ ಗಂಡ ಈಗ ನನ್ನ ಜೊತೆ ಆಡುವ ಮಾತು ಗುಳಿಗೆ ಮತ್ತು ಊಟದ ವಿಷಯಕ್ಕಷ್ಟೇ.

ಈ ಪತ್ರ ಯುಗಾದಿಯ ಮರುದಿನವೇ ನಿನ್ನ ಕೈ ಸೇರಬೇಕಾಗಿತ್ತು. ದವಾಖಾನೆಯಲ್ಲಿದ್ದೆ ಎಂದು ನೆಪ ಹೇಳಬಹುದು, ಆದರೆ ಡಾಕ್ಟರು ತೆಗೆದದ್ದು ಕಾಲಿನ ಬೆರಳು, ಕೈಯದಲ್ಲ. ತಡವಾದದ್ದು ನಾಚಿಕೆಗೆ. ಹಾವೇರಿಯ ದವಾಖಾನೆಗೆ ನೀನು ಫೋನು ಮಾಡಿ "ಮಾವಾರಿಗೆ ಕೊಡ್ರಿ" ಎಂದಾಗ ನಿಮ್ಮ ಅತ್ತೆ ಫೋನನ್ನು ನನ್ನ ಕಿವಿಯ ಹತ್ತಿರ ತಂದಳು. ನಾನು ಕಣ್ಣು ಮುಚ್ಚಿ ಮಲಗಿಬಿಟ್ಟೆ. ನಂಬಲಿ ಎಂದು ಸ್ವಲ್ಪ ಗೊರಕೆಯನ್ನೂ ಹೊಡೆದೆ. ಇಷ್ಟು ವರ್ಷ ನನ್ನ ಗೊರಕೆ ಕೇಳಿಕೊಂಡು ಬಂದ ನೀಲಗಂಗವ್ವನಿಗೆ ಖರೆ ಗೊರಕೆ ಯಾವುದು, ಸುಳ್ಳು ಗೊರಕೆ ಯಾವುದು ಎಂದು ತಿಳಿಯದೆ? "ಮಕ್ಕೊಂಡಾರವ್ವಾ" ಎಂದು ನಿನಗೆ ಹೇಳಿ ಫೋನು ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ನಾಟಕ ಸಾಕ್ರಿ, ಕಣ್ಣ ತೆಗೀರಿ" ಎಂದಳು. ತೆಗೆದೆ.

ವಾಟ್ಸಾಪಿನಲ್ಲಿ ನಾಲ್ಕು ಸಾಲು ಕಳಿಸಬಹುದಿತ್ತು. ಆದರೆ ನಾನು ದಿನಾ ಬೆಳಿಗ್ಗೆ ಊರಿಗೆಲ್ಲ ಗುಲಾಬಿ ಹೂವಿನ ಚಿತ್ರ ಕಳಿಸುವ ಜಾಗ ಅದು. ಅಲ್ಲಿಯೇ ನಿನ್ನ ಕ್ಷಮೆಯನ್ನೂ ಕೇಳಲು ಮನಸ್ಸು ಒಪ್ಪಲಿಲ್ಲ. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಹೇಗೋ ಓದಿಕೋ. ಸಿದ್ದಲಿಂಗೇಶ ಬುಧವಾರ ಬಸವ ಜಯಂತಿಗೆ ರಾಣೆಬೆನ್ನೂರಿಗೆ ಬರುವವನಿದ್ದಾನಲ್ಲ, ಅವನ ಕೈಯಲ್ಲೇ ಪಾಕೀಟು ಅಂಟಿಸಿ ಕೊಟ್ಟು ಕಳಿಸುತ್ತೇನೆ.

ಮೊದಲು ಸುದ್ದಿ. ನನ್ನ ಬಲಗಾಲಿನ ಹೆಬ್ಬೆರಳು, ಅದರ ಪಕ್ಕದ ಬೆರಳು ಈಗ ಇಲ್ಲ. ನಿನ್ನ ಗಂಡ ಇದನ್ನೆಲ್ಲ ನಿನಗೆ ಹೇಳಿರುತ್ತಾನೆ. ಆದರೂ ನಾನೇ ನಿನಗೆ ಹೇಳಬೇಕು ಅನ್ನಿಸಿತು. ಪಾದ ಉಳಿದಿದೆ. ಒಂದು ದಿನ ಬಿಟ್ಟು ಒಂದು ದಿನ ಪಟ್ಟಿ ಬದಲಿಸಲು ನರ್ಸ್ ಮನೆಗೆ ಬರುತ್ತಾಳೆ. ನಾನು ಪಡಸಾಲೆಯ ಮಂಚದ ಮೇಲೆ ಕಾಲಿಗೆ ಎರಡು ದಿಂಬು ಕೊಟ್ಟು ಮಲಗಿರುತ್ತೇನೆ. ಬಾಗಿಲಲ್ಲಿ ಯಾರ ನೆರಳು ಕಂಡರೂ ಮೊದಲು ಹೊದಿಕೆ ಎಳೆದು ಕಾಲು ಮುಚ್ಚಿಕೊಳ್ಳುವುದು ರೂಢಿಯಾಗಿಬಿಟ್ಟಿದೆ.

ಇದು ಹೇಗಾಯಿತು ಎಂದು ಮೊದಲಿನಿಂದ ಹೇಳುತ್ತೇನೆ. ಮದುವೆಯಾಗಿ ನಮ್ಮ ಮನೆಗೆ ಬಂದು ನಿನಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ. ನೀನು ಬೀಜದ ಕಂಪನಿಯಲ್ಲಿ ಕೆಲಸ ಮಾಡಿದವಳು, ನಮ್ಮ ದಲಾಲಿ ಅಂಗಡಿಯ ಪದ್ಧತಿ ನಿನಗೆ ಹೊಸದು. ರೈತ ತಂದ ಮೆಣಸಿನಕಾಯಿಯನ್ನು ಅಂಗಡಿಯ ಮುಂದೆ ರಾಶಿ ಸುರಿದ ಮೇಲೆ ಅದರ ಹತ್ತಿರ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಮಾಲೆಂದರೆ ಲಕ್ಷ್ಮಿ. ಇದು ನಮ್ಮ ಅಪ್ಪ ಹಾಕಿಕೊಟ್ಟ ನೇಮ, ನಾನು ಒಂದು ದಿನವೂ ಮುರಿದಿಲ್ಲ. ಹಮಾಲರು ಚೀಲಕ್ಕೆ ಕಾಯಿ ಸುರಿದು, ಬರಿಗಾಲಿನಲ್ಲಿ ಚೀಲದೊಳಗೆ ಇಳಿದು, ತುಳಿದು ತುಳಿದು ಗಟ್ಟಿ ಮಾಡುತ್ತಾರೆ. ನಾನೂ ಮೀಸೆ ಬರುವ ಮೊದಲು ಹಾಗೆ ತುಳಿದವನೇ. ಹೊಸದಾಗಿ ತುಳಿಯುವವನಿಗೆ ಬೆರಳ ಸಂದಿಯಲ್ಲೆಲ್ಲ ಬೆಂಕಿ ಬಿದ್ದಂತಾಗುತ್ತದೆ. ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಅಳುತ್ತ ಕುಳಿತಿದ್ದು ನನಗೆ ಈಗಲೂ ನೆನಪಿದೆ. ಆಮೇಲಾಮೇಲೆ ಕಾಲು ಒಗ್ಗಿಕೊಳ್ಳುತ್ತದೆ.

ನನಗೆ ಶುಗರ್ ಬಂದು ಹನ್ನೆರಡು ವರ್ಷವಾಯಿತು. ಗುಳಿಗೆ ನೆನಪಾದರೆ ತೆಗೆದುಕೊಳ್ಳುತ್ತಿದ್ದೆ. ಎರಡು ಮೂರು ವರ್ಷದಿಂದ ರಾಶಿಯ ಮೇಲೆ ಎಷ್ಟು ಹೊತ್ತು ನಿಂತರೂ ಕಾಲಿಗೆ ಏನೂ ಅನ್ನಿಸುತ್ತಿರಲಿಲ್ಲ. ವಯಸ್ಸಾದಂತೆ ಕಾಲು ಪಳಗಿತು ಎಂದುಕೊಂಡೆ. ಅದೇ ನನಗೆ ದೊಡ್ಡ ಹೆಮ್ಮೆ. ಹೊರಗಿನ ಖರೀದಿದಾರರು ಬಂದಾಗ ಬೇಕೆಂದೇ ರಾಶಿಯ ನಡುವೆ ಹೋಗಿ ನಿಂತು ಮಾತಾಡುತ್ತಿದ್ದೆ. ಅವರು ಘಾಟಿಗೆ ಕರವಸ್ತ್ರ ಹಿಡಿದು ಸೀನುತ್ತ ನನ್ನ ಕಾಲನ್ನೇ ನೋಡುತ್ತಿದ್ದರು.

ಶಿವರಾತ್ರಿ ಮುಗಿದ ವಾರ ಒಂದು ಸಂಜೆ ನಾನು ಅಂಗಡಿಯಿಂದ ಬಂದ ಮೇಲೆ ನಿಮ್ಮ ಅತ್ತೆ ಬಾಗಿಲಿನಿಂದ ಬಚ್ಚಲಿನವರೆಗೆ ನೆಲ ನೋಡುತ್ತ ಬಂದಳು. "ಏನ್ರಿ ಇದು, ದಾರಿತುಂಬ ಕುಂಕುಮ ಚೆಲ್ಲಿದಂಗ ಐತಲ್ಲ?" ಎಂದಳು. ಕಾಲೆತ್ತಿ ನೋಡಿದರೆ ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ಚೀಲ ಹೊಲಿಯುವ ದಬ್ಬಣದ ಮುರಿದ ತುದಿ ಚುಚ್ಚಿಕೊಂಡಿತ್ತು. ಯಾವಾಗ ಚುಚ್ಚಿತೋ, ಎಷ್ಟು ಹೊತ್ತು ಅದರ ಮೇಲೆ ನಡೆದೆನೋ ನನಗೆ ಗೊತ್ತಿಲ್ಲ. ಅವಳೇ ಚಿಮಟದಿಂದ ಕಿತ್ತಳು. "ಇಷ್ಟ ಉದ್ದಂದು ಒಳಗ ಹೋಗೈತಿ, ನೋವಾಗ್ಲಿಲ್ಲೇನ್ರಿ ನಿಮಗ?" ಎಂದು ಕೇಳಿದಳು. "ಗಂಡಸಿಗೆ ಇಷ್ಟಕ್ಕೆಲ್ಲ ನೋವಾಗೂದಿಲ್ಲ" ಎಂದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತು ನೀನೂ ಅದನ್ನು ಕೇಳಿಸಿಕೊಂಡು ನಕ್ಕಿದ್ದೆ. ಅರಿಷಿಣ ಮೆತ್ತಿ ಬಟ್ಟೆ ಸುತ್ತಿದೆವು. ಆ ದಿನವೇ ಯಾರಿಗಾದರೂ ತೋರಿಸಿದ್ದರೆ ಒಂದು ಇಂಜೆಕ್ಷನ್, ನಾಲ್ಕು ಗುಳಿಗೆಯಲ್ಲಿ ಮುಗಿಯುತ್ತಿತ್ತಂತೆ.

ಮುಂದಿನ ಸಂತೆಯ ದಿನ ಅಂಗಡಿಗೆ ಹೋದೆ. ನಮ್ಮ ಹಿರಿಯ ಹಮಾಲ ಅಲ್ಲಾವುದ್ದೀನ ಕಾಲಿನ ಬಟ್ಟೆ ನೋಡಿ, "ಸಾವಕಾರ್ರ, ಹಸಿ ಗಾಯ ಐತಿ, ಮಾಲಿಗೆ ಬರಬ್ಯಾಡ್ರಿ. ಪ್ರಾಣ ಹೋಗುವಷ್ಟು ಉರಿತೈತಿ" ಎಂದ. ನಮ್ಮ ಬಜಾರದ ಹಮಾಲರಿಗೆಲ್ಲ ಇದೇ ಡಾಕ್ಟರಿಕೆ. ಗಾಯದ ಕಾಲು ರಾಶಿಗೆ ಇಟ್ಟು ನೋಡುವುದು. ಉರಿದರೆ ಗಾಯ ಹಸಿ ಇದೆ, ಉರಿಯದಿದ್ದರೆ ಮಾಗಿದೆ. ಅವರ ಕಾಲಿಗೆ ಈ ಪರೀಕ್ಷೆ ಸುಳ್ಳಾಗಿದ್ದನ್ನು ನಾನು ಕಂಡಿಲ್ಲ. ಸರಿ, ನಾನೂ ಕಾಲಿನ ಬಟ್ಟೆ ಬಿಚ್ಚಿ ಕೆಂಪಗೆ ಹೊಳೆಯುತ್ತಿದ್ದ ಕಡ್ಡಿ ತಳಿಯ ಕಾಯಿಯ ರಾಶಿಯೊಳಗೆ ಪಾದ ಮುಳುಗುವಷ್ಟು ಇಳಿಸಿದೆ. ಎಲ್ಲರೂ ಕೆಲಸ ಬಿಟ್ಟು ನೋಡುತ್ತಿದ್ದರು.

"ಎಲ್ಲೈತಲೇ ಉರಿ?" ಎಂದೆ.

"ಯಾ ಅಲ್ಲಾ! ಸಾವಕಾರ್ರದು ಕಾಲೋ ಕಬ್ಬಣೋ!" ಎಂದು ಅಲ್ಲಾವುದ್ದೀನ ಕೈ ಚಪ್ಪಾಳೆ ಹೊಡೆದ. ಎಲ್ಲರೂ ನಕ್ಕರು, ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ. ಉರಿಯಲಿಲ್ಲ, ಅಂದರೆ ಮಾಗಿತು. ಆಮೇಲೆ ಪ್ರತಿ ಸೋಮವಾರ, ಪ್ರತಿ ಗುರುವಾರ ಅದೇ ಪರೀಕ್ಷೆ. ಪ್ರತಿ ಸಲವೂ ನಾನು ಪಾಸು. ಹೊರಗೆ ಪಾಸಾಗುತ್ತ ಹೋದಂತೆ ಗಾಯ ಒಳಗೊಳಗೇ ಅಗಲವಾಗುತ್ತಿತ್ತು. ಅಂಚು ಬೆಳ್ಳಗಾಯಿತು, ಮುಚ್ಚಲಿಲ್ಲ. ತೇವ ಕಂಡರೆ ಬೆವರು ಎಂದುಕೊಂಡು ಸಾಕ್ಸು ಹಾಕಲು ಶುರು ಮಾಡಿದೆ. ಔಷಧಿ ಅಂಗಡಿಯಿಂದ ಒಂದು ಮುಲಾಮು ತರಿಸಿ ಹಚ್ಚಿದೆ. "ದವಾಖಾನಿಗೆ ಹೋಗೂಣು" ಎಂದು ನಿಮ್ಮ ಅತ್ತೆ ಅಂದಾಗಲೆಲ್ಲ ಸೀಜನ್ ಮುಗಿಯಲಿ ಎಂದೆ. ಪಾದ ಸ್ವಲ್ಪ ಊದಿತು, ಚಪ್ಪಲಿ ಬಿಗಿಯಾಯಿತು. ದೊಡ್ಡ ಅಳತೆಯ ಚಪ್ಪಲಿ ಕೊಂಡೆ. ಬುದ್ಧಿ ಎಲ್ಲಿಟ್ಟಿದ್ದೆನೋ.

ಯುಗಾದಿಗೆ ಮೊದಲು ಮನೆಯಲ್ಲಿ ಎಂಥದೋ ವಾಸನೆ ಶುರುವಾಯಿತಲ್ಲ, ನಿನಗೆ ನೆನಪಿರಬೇಕು. ಎಲ್ಲೋ ಇಲಿ ಸತ್ತಿದೆ ಎಂದು ನಿಮ್ಮ ಅತ್ತೆ ಮನೆಯನ್ನೆಲ್ಲ ಮಗುಚಿ ಹಾಕಿಸಿದಳು. ಹೇಗೂ ಹಬ್ಬಕ್ಕೆ ಮನೆ ತೊಳೆಯುವ ದಿನಗಳು. ಅಟ್ಟ ಇಳಿಸಿದಿರಿ, ಟ್ರಂಕು ಸರಿಸಿದಿರಿ, ಇಲಿ ಸಿಗಲಿಲ್ಲ. ನಾಲ್ಕು ಕಡೆ ಊದಿನಕಡ್ಡಿ ಹಚ್ಚಿ ಸುಮ್ಮನಾದೆವು. ಆಗಲೂ ನನಗೆ ನನ್ನ ಕಾಲಿನ ಮೇಲೆ ಗುಮಾನಿ ಬರಲಿಲ್ಲ, ಹೊಳೆಯಲೇ ಇಲ್ಲ.

ಇನ್ನು ಆ ದಿನದ ಮಾತು. ಬರೆಯಲು ಕೈ ಹಿಂಜರಿಯುತ್ತಿದೆ, ಆದರೂ ಬರೆಯುತ್ತೇನೆ.

ಮದುವೆಯಾದ ಮೇಲೆ ನಿಮ್ಮ ಮೊದಲ ಯುಗಾದಿ. ನಿಮ್ಮ ತಂದೆ ತಾಯಿ ರಾಣೆಬೆನ್ನೂರಿನಿಂದ ಹೊಸ ಬಟ್ಟೆ ತಂದಿದ್ದರು. ಪಕ್ಕದ ಮನೆಯವರೂ ಪಡಸಾಲೆಯಲ್ಲಿ ಕುಳಿತಿದ್ದರು. ನಾನು ಹೊಸ ಧೋತರ ಉಟ್ಟು, ಕೆಳಗೆ ಬಿಳಿ ಸಾಕ್ಸು ಹಾಕಿ ಕುರ್ಚಿಯ ಮೇಲೆ ಕುಳಿತಿದ್ದೆ. "ಇಂಥಾ ಬಿಸಲಾಗ ಬೀಗರು ಸಾಕ್ಸ ಹಾಕ್ಕೊಂಡಾರಲ್ಲ, ಇದ್ಯಾವ ಫ್ಯಾಶನ್ರೀ?" ಎಂದು ನಿಮ್ಮ ತಂದೆ ಚೇಷ್ಟೆ ಮಾಡಿದರು. ಸಿದ್ದಲಿಂಗೇಶ ಕಾಲಿಗೆ ಬಿದ್ದು ಎದ್ದ. ಆಮೇಲೆ ನೀನು ಬಗ್ಗಿದೆ. ಎರಡೂ ಕೈಯಿಂದ ಪಾದ ಮುಟ್ಟಿದೆ. ಎಡಗಾಲಿನ ಮೇಲಿನ ಕೈ ಎದ್ದಿತು, ಬಲಗಾಲಿನ ಮೇಲಿನ ಕೈ ಅಲ್ಲೇ ನಿಂತಿತು.

ನೀನು ಮುಖ ಎತ್ತಿ, ನನಗೊಬ್ಬನಿಗೇ ಕೇಳಿಸುವಷ್ಟು ಮೆಲ್ಲಗೆ ಹೇಳಿದೆ. "ಮಾವಾರ, ಕಾಲು ಸುಡಾಕತ್ತೈತ್ರಿ. ಸಾಕ್ಸಿನ್ಯಾಗ ನೀರ ಇಳದೈತಿ. ನಮ್ಮ ಹಲಗೇರಿ ಅಜ್ಜಿದೂ ಹಿಂಗ ಆಗಿತ್ರಿ, ನೋವಿಲ್ಲಂತ ಸುಮ್ನ ಕುಂತು ಮೊಣಕಾಲಿನ ಕೆಳಗ ತಗಿಬೇಕಾತು. ಹಬ್ಬ ಇರ್ಲಿ ಬಿಡ್ರಿ, ಇವತ್ತ ಹಾವೇರಿಗೆ ಹೋಗಿ ತೋರಸೂಣ್ರಿ."

ಎಷ್ಟು ಮರ್ಯಾದೆಯಿಂದ ಹೇಳಿದೆ ನೀನು. ನಿನ್ನ ಪಕ್ಕ ನಿಂತಿದ್ದ ನಿನ್ನ ಗಂಡನಿಗೂ ಪೂರಾ ಕೇಳಿಸಿರಲಿಲ್ಲ. ಅದನ್ನು ಓಣಿಗೆಲ್ಲ ಕೇಳಿಸಿದವನು ನಾನು.

"ಹಬ್ಬದ ದಿವಸ ಆಶೀರ್ವಾದ ತಗೋ ಅಂದ್ರ ಮಾವನ ಕಾಲಾಗ ಹೊಲಸು ಹುಡುಕ್ತೀಯೇನು? ಅಸಹ್ಯ ಆತೇನು ನಿನಗ? ಹೋಗು, ಕೈ ತೊಳಕೋ ಹೋಗು! ನಿಮ್ಮಪ್ಪ ಇದನ್ನ ಕಲಿಸಿ ಕಳಿಸ್ಯಾನೇನು?"

ನಿಮ್ಮ ತಂದೆಯ ಕೈಯಲ್ಲಿ ಬೇವು-ಬೆಲ್ಲದ ತಟ್ಟೆ ಇತ್ತು. ಅವರು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತರು. ನಿನ್ನ ಕಣ್ಣಲ್ಲಿ ನೀರು ಬಂತು, ಆದರೆ ನೀನು ಅಲ್ಲಿಂದ ಸರಿಯಲಿಲ್ಲ. "ಬೈರಿ ಮಾವಾರ, ಎಷ್ಟ ಬೇಕಾದ್ರೂ ಬೈರಿ. ಆದ್ರ ಇವತ್ತ ತೋರಸ್ರಿ" ಎಂದೆ. ಅಷ್ಟಾದರೂ ನನಗೆ ಬುದ್ಧಿ ಬರಬೇಡವೇ? ನಿಮ್ಮ ತಂದೆಯ ಕಡೆ ತಿರುಗಿ, "ಕರಕೊಂಡ ಹೋಗ್ರಿ ಬೀಗರ. ನಾಕ ದಿನ ತವರಿನ್ಯಾಗ ಇದ್ದು ರೀತಿ ಕಲ್ತು ಬರ್ಲಿ" ಎಂದುಬಿಟ್ಟೆ. ಮಾಡಿದ ಹೋಳಿಗೆ ಯಾರೂ ತಿನ್ನಲಿಲ್ಲ. ಸಂಜೆ ನೀನು ಚೀಲ ಹಿಡಿದು ಹೊರಟಾಗ ನಿಮ್ಮ ಅತ್ತೆ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ನಾನು ಟಿವಿ ನೋಡುತ್ತಿದ್ದೆ. ಏನು ಬರುತ್ತಿತ್ತೋ ದೇವರಿಗೇ ಗೊತ್ತು.

ಆ ಗುರುವಾರ ಅಂಗಡಿಯಲ್ಲಿ, ಖರೀದಿದಾರರು ದರ ಬರೆಯುವ ಟೆಂಡರಿನ ಹೊತ್ತಿಗೆ ನನಗೆ ಚಳಿ ಹತ್ತಿತು. ಸುಡು ಮಧ್ಯಾಹ್ನ, ಸುತ್ತ ಮೆಣಸಿನಕಾಯಿಯ ರಾಶಿ, ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ಅಲ್ಲಾವುದ್ದೀನ ಖಾಲಿ ಚೀಲ ಹೊದಿಸಿದ. ಎದ್ದು ನಿಲ್ಲಲು ಹೋಗಿ ರಾಶಿಯ ಮೇಲೆಯೇ ಬಿದ್ದೆ. ಸಿದ್ದಲಿಂಗೇಶ ಓಡಿ ಬಂದು ಧೋತರ ಸರಿಸಿ ನೋಡಿದರೆ ಕೆಂಪು ಪಾದದಿಂದ ಹತ್ತಿ ಮೊಣಕಾಲಿನ ಹತ್ತಿರ ಬಂದಿತ್ತು. ಸಾಕ್ಸು ತೆಗೆದಾಗ ಹೆಬ್ಬೆರಳು ಕರ್ರಗಾಗಿತ್ತು. ಅವನು ನನ್ನನ್ನು ಹೊತ್ತು ಕಾರಿಗೆ ಹಾಕಿದ, ಮನೆಯ ಮುಂದೆ ನಿಲ್ಲಿಸಿ ನಿಮ್ಮ ಅತ್ತೆಯನ್ನೂ ಹತ್ತಿಸಿಕೊಂಡ. ಹಾವೇರಿಯವರೆಗೆ ಎಲ್ಲ ಕಿಟಕಿ ತೆರೆದುಕೊಂಡೇ ಓಡಿಸಿದ. ಎ.ಸಿ. ಯಾಕೆ ಹಾಕಲಿಲ್ಲ ಎಂದು ನಾನು ಕೇಳಲಿಲ್ಲ.

ಅಲ್ಲಿ ಪದ್ಮಜಾ ಎಂಬ ಡಾಕ್ಟರು. ಕಾಲು ನೋಡಿ ಮುಖ ಗಂಟು ಹಾಕಲಿಲ್ಲ, ಮೂಗು ಮುಚ್ಚಲಿಲ್ಲ. ಗ್ಲುಕೋಸು, ಇಂಜೆಕ್ಷನ್ನು ಶುರು ಮಾಡಿಸಿ ಪಕ್ಕದಲ್ಲಿ ಕುಳಿತರು. "ಕಣ್ಣ ಮುಚ್ಚರಿ ಅಜ್ಜಾರ. ಒಂದು ನೈಲಾನ್ ಎಳಿಯಿಂದ ನಿಮ್ಮ ಎರಡೂ ಅಂಗಾಲು ಮುಟ್ಟತೇನಿ. ಗೊತ್ತಾದಾಗ ಹೂಂ ಅನ್ರಿ" ಎಂದರು. ಕಣ್ಣು ಮುಚ್ಚಿ ಕಾಯ್ದೆ, ಕಾಯ್ದೆ. ಕೊನೆಗೆ ಬೇಸರವಾಗಿ, "ಯಾವಾಗ ಶುರು ಮಾಡ್ತೀರ್ರೀ?" ಎಂದೆ.

"ಮುಗೀತ್ರಿ" ಎಂದರು.

ಕಣ್ಣು ತೆರೆದೆ. ಕಾಲಿನ ಹತ್ತಿರ ನಿಂತಿದ್ದ ನಿಮ್ಮ ಅತ್ತೆ ಸೆರಗು ಬಾಯಿಗಿಟ್ಟುಕೊಂಡಿದ್ದಳು. ಒಳ್ಳೆಯ ಕಾಲೂ ಸತ್ತಂತೆಯೇ ಇತ್ತು, ಪುಷ್ಪಾ. ನಾನು ಪಳಗಿದೆ ಎಂದುಕೊಂಡಿದ್ದು ಅದನ್ನು.

ಡಾಕ್ಟರಿಗೆ ಮೆಣಸಿನಕಾಯಿಯ ಪರೀಕ್ಷೆಯ ಕಥೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. "ಉರೀಲಿಲ್ಲ ಅಂತ ಖುಷಿ ಪಟ್ರಿ ನೀವು. ಹಸಿ ಗಾಯಕ್ಕ ಮೆಣಸಿನಕಾಯಿ ತಾಗಿ ಉರೀಲಿಲ್ಲ ಅಂದ್ರ ಆವತ್ತ ಓಡಿ ಬರಬೇಕಿತ್ತು. ಶುಗರಿನಿಂದ ಕಾಲಿನ ನರ ಸತ್ತಾವ, ನೋವು ಹೇಳಾವ್ರ ಯಾರೂ ಇಲ್ಲ ಅಲ್ಲೆ. ಶುಗರ್ ಇದ್ದವರಿಗೆ ಅಂಗಾಲಿನ್ಯಾಗ ಸಣ್ಣ ಗಾಯ ಆದ್ರೂ ಒಂದೆರಡು ದಿನದಾಗ ತೋರಸಬೇಕು, ನೋವ ಇರ್ಲಿ ಬಿಡ್ಲಿ. ಅದು ಊದಿತು, ಬಿಸಿ ಆತು, ಕೆಂಪ ಮ್ಯಾಲೆ ಏರಾಕ ಹತ್ತಿತು, ಕೀವು, ವಾಸನಿ ಬಂತು ಅಂದ್ರ ಆವತ್ತಿನ ದಿನಾನ ಬರಬೇಕು. ಬೆರಳ ಕರ್ರಗಾಗಿ ಚಳಿ ಜ್ವರ ಬಂತಂದ್ರ ಅದು ಕಾಲಿನ ಮಾತಲ್ಲರಿ, ಜೀವದ ಮಾತು" ಎಂದರು. ಆಮೇಲೆ ಕೇಳಿದರು: "ಮನ್ಯಾಗ ಯಾರೂ ನೋಡಲಿಲ್ಲೇನ್ರಿ?"

ನಾನು ಗೋಡೆ ನೋಡಿದೆ. ಸಿದ್ದಲಿಂಗೇಶ ಹೇಳಿದ, "ನನ್ನ ಹೆಂಡ್ತಿ ನೋಡಿದ್ಲುರಿ. ರವಿವಾರ."

"ಅವ್ರ ಮಾತ ಕೇಳಿ ರವಿವಾರ ಬಂದಿದ್ರ ಬಹುಶಃ ಬೆರಳು ಉಳಸ್ತಿದ್ವಿ" ಎಂದರು ಡಾಕ್ಟರು. ಅದನ್ನು ಅವರು ಬೈದು ಹೇಳಿದ್ದರೆ ನನಗೆ ಹಗುರಾಗುತ್ತಿತ್ತು. ಸಾದಾ ಹೇಳಿದರು. ಸಿದ್ದಲಿಂಗೇಶ ಹೊರಗೆ ಹೋದ. ಸಂಜೆಯೊಳಗೆ ಆಪರೇಷನ್ ಆಯಿತು.

ಈಗ ನಮ್ಮ ಅಂಗಡಿಯ ನೇಮ ಬದಲಾಗಿದೆ. ಮಾಲಿನ ಮೇಲೆ ಹೋಗಲೆಂದೇ ಎಲ್ಲರಿಗೂ ಬೇರೆ ಕ್ಯಾನ್ವಾಸ್ ಬೂಟು ತರಿಸಿದ್ದೇನೆ, ಅವು ಅಂಗಡಿಯ ಹೊರಗೆ ಕಾಲಿಡುವಂತಿಲ್ಲ. ಲಕ್ಷ್ಮಿ ಏನನ್ನುತ್ತಾಳೋ ಎಂದು ನಾನು ಅನುಮಾನ ಮಾಡಿದಾಗ ನಿಮ್ಮ ಅತ್ತೆ, "ಲಕ್ಷ್ಮಿ ಏನ್ ನಿಮ್ಮ ಬೆರಳ ಕೇಳಿದ್ಲೇನ್ರಿ?" ಎಂದಳು. ಅಲ್ಲಾವುದ್ದೀನ ನೋಡಲು ಬಂದವನು ಮಂಚದ ಕೆಳಗೆ ಕುಳಿತು, "ನಾನ ಹೊಗಳಿ ಹೊಗಳಿ ಕೆಡಿಸಿದ್ನಿರಿ ಸಾವಕಾರ್ರ" ಎಂದು ಕಣ್ಣೊರೆಸಿಕೊಂಡ. ಅವನದೇನು ತಪ್ಪು, ಹೊಗಳಿಸಿಕೊಂಡವನು ನಾನು. ಅವನಿಗೂ ಬಾಯಿ ಒಣಗುತ್ತದಂತೆ, ಪದೇ ಪದೇ ಮೂತ್ರಕ್ಕೆ ಏಳುತ್ತಾನಂತೆ. ಶುಗರ್ ತೋರಿಸಲು ಸಿದ್ದಲಿಂಗೇಶನ ಜೊತೆ ಕಳಿಸಿದ್ದೇನೆ. ದಿನಾ ಬೆಳಿಗ್ಗೆ ನಿಮ್ಮ ಅತ್ತೆ ಕೈಗನ್ನಡಿ ಹಿಡಿಯುತ್ತಾಳೆ, ನಾನು ಎಡಗಾಲಿನ ಅಂಗಾಲು ನೋಡಿಕೊಳ್ಳುತ್ತೇನೆ. ಈ ವಯಸ್ಸಿನಲ್ಲಿ ನನ್ನ ಅಂಗಾಲನ್ನು ನಾನು ಮೊದಲ ಸಲ ನೋಡುತ್ತಿದ್ದೇನೆ. ಸಣ್ಣ ಸೀಳು ಕಂಡರೂ ಅವಳು ಡಾಕ್ಟರಿಗೆ ಫೋನು ಹಚ್ಚುತ್ತಾಳೆ, ನಾನು ಬೇಡ ಅನ್ನುವುದಿಲ್ಲ.

"ನನ್ನ ಮಗಳು ತಪ್ಪು ಮಾತಾಡಿಲ್ಲ. ಅಷ್ಟು ಮಾತು ಬೀಗರ ಬಾಯಿಂದ ಬರ್ಲಿ, ನಾನ ಕರಕೊಂಡ ಬಂದು ಬಿಡ್ತೇನಿ" ಎಂದು ನಿಮ್ಮ ತಂದೆ ಸಿದ್ದಲಿಂಗೇಶನಿಗೆ ಹೇಳಿದ್ದಾರೆ. ನ್ಯಾಯವಾದ ಮಾತು. ಅವರಿಗೆ ಈ ಕಾಗದ ತೋರಿಸಬಹುದು. ನೀನು ಹೇಳಿದ್ದು ಸರಿ ಇತ್ತು, ಹೇಳಿದ ರೀತಿ ಅದಕ್ಕಿಂತ ಸರಿ ಇತ್ತು. ತಪ್ಪಿದವನು ನಾನು. ಕಾಲಿನ ಸ್ಥಿತಿ ಗೊತ್ತಿಲ್ಲದೆ, ಹೆಮ್ಮೆಯ ಭರದಲ್ಲಿ ಕೂಗಾಡಿದೆ ಎಂದು ಮನಸ್ಸಿಗೆ ತಂದುಕೊಂಡು ಕ್ಷಮಿಸು. ನೆಲಕ್ಕೆ ಕಾಲು ಊರಲು ಡಾಕ್ಟರು ಒಪ್ಪಿದ ದಿನ ನಾನೇ ರಾಣೆಬೆನ್ನೂರಿಗೆ ಬಂದು ನಿಮ್ಮ ತಂದೆ ತಾಯಿಯ ಮುಂದೆ ಇದನ್ನೇ ಹೇಳುತ್ತೇನೆ. ಅಲ್ಲಿಯವರೆಗೆ ಕಾಯುವುದು ಬೇಡ ಅನ್ನಿಸಿದರೆ ಬುಧವಾರ ಸಿದ್ದಲಿಂಗೇಶನ ಜೊತೆ ಹೊರಟು ಬಾ. ನೀನಿಲ್ಲದೆ ನಿಮ್ಮ ಅತ್ತೆ ಸಾರಿಗೆ ಉಪ್ಪು ಎರಡೆರಡು ಸಲ ಹಾಕುತ್ತಾಳೆ. ಅವನಂತೂ ಮನೆಯಲ್ಲಿ ಬಾಡಿಗೆಗೆ ಇದ್ದವರಂತೆ ಓಡಾಡುತ್ತಾನೆ.

ನಿನ್ನ ಕೈಗುಣ ನಮ್ಮ ಮನೆಯಲ್ಲಿ ಬಹುಕಾಲ ಇರಲಿ. ನೀನು, ನಿನ್ನ ಗಂಡ ನೂರು ವರ್ಷ ಗಟ್ಟಿ ಕಾಲಿನ ಮೇಲೆ ನಡೆಯಿರಿ. ಕೊಟ್ಟೂರೇಶ್ವರ ಕಾಪಾಡಲಿ.

ಇಂತಿ ನಿನ್ನ ಮಾವ,
ಕೊಟ್ರಪ್ಪ

ತಾ.ಕ.: ಪಾಕೀಟು ಅಂಟಿಸಿಯಾಗಿತ್ತು. ಹರಿದು ತೆಗೆದು ಇದನ್ನು ಬರೆಯುತ್ತಿದ್ದೇನೆ. ಇದನ್ನು ಓದಿದ ಮೇಲೆ ನಿಮ್ಮ ತಂದೆಗೆ ತೋರಿಸುವುದು ಬಿಡುವುದು ನಿನಗೆ ಬಿಟ್ಟದ್ದು.

ನನಗೆ ಹೊಳೆಯಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಸುಳ್ಳು. ಗಾಯ ಉರಿಯಲಿಲ್ಲ ಎನ್ನುವುದು ಖರೆ, ಆದರೆ ನನ್ನ ಮೂಗು ಸತ್ತಿರಲಿಲ್ಲ. ಇಲಿ ಸತ್ತಿದೆ ಎಂದು ನಿಮ್ಮ ಅತ್ತೆ ಹೇಳುವ ಮೊದಲೇ ಒಂದು ಬೆಳಿಗ್ಗೆ ಬಚ್ಚಲಲ್ಲಿ ಸಾಕ್ಸು ತೆಗೆದಾಗ ನನಗೆ ಗೊತ್ತಾಗಿತ್ತು. ಯಾರಿಗೂ ಹೇಳಲು ನಾಚಿಕೆಯಾಯಿತು. ನಿಮ್ಮ ಕೋಣೆಗೆ ಹೋಗಿ ನಿನ್ನ ಪೌಡರಿನ ಡಬ್ಬಿ ತಂದು ಸಾಕ್ಸಿನೊಳಗೆ ಸುರಿದುಕೊಂಡೆ. ಡಬ್ಬಿ ಬೇಗ ಬೇಗ ಖಾಲಿಯಾಗುತ್ತಿದೆ ಎಂದು ನೀನು ಸಿದ್ದಲಿಂಗೇಶನನ್ನು ಕಾಡಿಸುತ್ತಿದ್ದೆ. ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ.

ಇಲಿ ಎಂದು ಅವಳು ಅಂದಾಗ ನನಗೆ ಜೀವ ಬಂದಂತಾಯಿತು. ಹೌದು ಹೌದು, ಇಲಿಯೇ ಎಂದವನು ನಾನು. ನೀನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲೂರಿ, ಜೋಳದ ಪೀಪಾಯಿಯ ಹಿಂದೆ ಫಿನಾಯಿಲು ಹಾಕಿ ತಿಕ್ಕುತ್ತಿದ್ದೆ. ಮದುವೆಯ ಹಸಿರು ಬಳೆ ಇನ್ನೂ ಕೈತುಂಬ ಇದ್ದವು. ನಾನು ಮಂಚದ ಮೇಲೆ ಕುಳಿತು ಬ್ಯಾಟರಿ ಬಿಟ್ಟು, "ಆ ಮೂಲ್ಯಾಗ ನೋಡವ್ವಾ" ಎಂದೆ. "ಹೂಂರಿ ಮಾವಾರ" ಎಂದು ನೀನು ಆ ಮೂಲೆಯನ್ನೂ ತಿಕ್ಕಿದೆ.

ಯುಗಾದಿಯ ದಿನ ಕಾಲು ಮುಟ್ಟಿ ನೀನು ಮುಖ ಎತ್ತಿದಾಗ, ಆ ಇಲಿ ನಿನಗೆ ಸಿಕ್ಕಿತು ಎಂದು ನಿನ್ನ ಕಣ್ಣಲ್ಲೇ ನನಗೆ ತಿಳಿಯಿತು. ಅದಕ್ಕೇ ಕೂಗಿದೆ. ಕೈ ತೊಳೆದುಕೋ ಎಂದದ್ದೂ ಅದಕ್ಕೇ. ಇಷ್ಟಾದರೂ ನೀನು ಇಲಿಯ ಮಾತು ಯಾರ ಮುಂದೆಯೂ ಎತ್ತಲಿಲ್ಲ. ಸಿದ್ದಲಿಂಗೇಶನಿಗೆ ಇವತ್ತಿಗೂ ಗೊತ್ತಿಲ್ಲ.

ಮೇಲಿನ ಕಾಗದವನ್ನು ನಂಬಿ ಬರುವುದಾದರೆ ಬರಬೇಡ. ಇದನ್ನು ಓದಿಯೂ ಬರಬೇಕು ಅನ್ನಿಸಿದರೆ ಬಾ, ಯವ್ವಾ. ನನ್ನ ಮಂಚ ಈಗ ಆ ಪೀಪಾಯಿಯ ಎದುರಿಗೇ ಇದೆ. ನೀನು ತೊಳೆದ ಮೂಲೆ ಇಡೀ ಮನೆಯಲ್ಲಿ ಎಲ್ಲಕ್ಕಿಂತ ಚೊಕ್ಕಟವಾಗಿದೆ. ದಿನವಿಡೀ ಅದನ್ನೇ ನೋಡುತ್ತ ಮಲಗಿರುತ್ತೇನೆ.